ನೆರಳಿನ ಲೆಕ್ಕ: ಕಾಡಿನ ಎಳೆಮರಗಳನ್ನು ಅರಿತುಕೊಂಡ ಚರಿತ್ರೆ

ಅರಣ್ಯದ ಚರಿತ್ರೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಕಾನೂನು, ಕಂದಾಯ, ಗುತ್ತಿಗೆ, ದಿಮ್ಮಿ. ಹಡಗುಕಟ್ಟೆಗೆ ಹೋದ ತೇಗವೆಷ್ಟು, ರೈಲುಹಳಿಯ ಅಡಿಗೆ ಬಿದ್ದ ಮರವೆಷ್ಟು, ಯಾವ ವರ್ಷದ ಕಾಯಿದೆ ಯಾರ ಹಕ್ಕನ್ನು ಕಿತ್ತುಕೊಂಡಿತು ಎಂಬುದನ್ನು ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ಆ ದೊಡ್ಡ ಮರಗಳ ಬುಡದಲ್ಲಿ ಮೊಣಕಾಲೆತ್ತರಕ್ಕೆ ನಿಂತು, ವರ್ಷಗಟ್ಟಲೆ ಬೆಳೆದಂತೆಯೇ ಕಾಣದ ಸಸಿಗೂ ಒಂದು ಚರಿತ್ರೆಯಿದೆ. ಕತ್ತಲೆಗೆ ಹತ್ತಿರವಾದ ಆ ನೆರಳಿನಲ್ಲಿ ಅದು ಏನನ್ನುಂಡು ಬದುಕುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಲು ಇನ್ನೂರು ವರ್ಷಗಳು ಬೇಕಾದವು. ಉತ್ತರ ಸಿಗುವ ಮೊದಲೇ ಅದರ ಮೇಲೆ ತೀರ್ಪು ಕೊಟ್ಟವರು ಬಹಳ ಮಂದಿ. ಆ ತೀರ್ಪಿನ ಫಲವನ್ನು ನಮ್ಮ ಸಹ್ಯಾದ್ರಿಯೂ ಉಂಡಿದೆ. ಈ ಬರಹದಲ್ಲಿ ನಾವು ಈ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ನೋಡಲು ಯತ್ನಿಸುತ್ತೇವೆ.

ಮೊದಲ ಎಳೆ ಇಂಗ್ಲೆಂಡಿನಲ್ಲಿ ಆರಂಭವಾಗುತ್ತದೆ. 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ, ಉರಿದು ಆರಿದ ಮೇಣದಬತ್ತಿ ಕೆಡಿಸಿದ ಗಾಳಿಯನ್ನು ಪುದೀನದ ಒಂದು ಚಿಗುರು ಮತ್ತೆ ಸರಿಪಡಿಸಬಲ್ಲದು ಎಂದು ಕಂಡುಕೊಂಡರು. ಆದರೆ ಪ್ರಯೋಗ ಒಮ್ಮೊಮ್ಮೆ ಫಲಿಸುತ್ತಿತ್ತು, ಒಮ್ಮೊಮ್ಮೆ ಫಲಿಸುತ್ತಿರಲಿಲ್ಲ. ಕಾರಣವನ್ನು ಗುರುತಿಸಿದವರು ಹಾಲೆಂಡಿನಲ್ಲಿ ಹುಟ್ಟಿದ ವೈದ್ಯ ಯಾನ್ ಇಂಗೆನ್‌ಹೌಸ್. 1779ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು, ಗಾಳಿಯನ್ನು ಶುದ್ಧಗೊಳಿಸುವ ಶಕ್ತಿ ಗಿಡದ ಹಸಿರು ಭಾಗಗಳಿಗೆ ಮಾತ್ರ ಇದೆಯೆಂದೂ ಬೆಳಕಿಲ್ಲದೆ ಆ ಕೆಲಸ ನಡೆಯದೆಂದೂ ತೋರಿಸಿಕೊಟ್ಟರು. ಅದೇ ಗ್ರಂಥದಲ್ಲಿ ಇನ್ನೊಂದು ಮಾತನ್ನೂ ಸೇರಿಸಿದರು: ಎತ್ತರದ ಕಟ್ಟಡಗಳ ಮರೆಯಲ್ಲಿರುವ, ಇಲ್ಲವೆ ಬೇರೆ ಗಿಡಗಳ ದಟ್ಟ ನೆರಳಿನಲ್ಲಿ ಬೆಳೆಯುವ ಸಸ್ಯಗಳು ಈ ಕೆಲಸವನ್ನು ಮಾಡುವುದಿಲ್ಲ, ಬದಲಿಗೆ ಗಾಳಿಯನ್ನು ಕೆಡಿಸುತ್ತವೆ. ಇಂಗೆನ್‌ಹೌಸ್ ಈ ಮಾತನ್ನು ಕಾಡಿನ ಕುರಿತು ಹೇಳಿದ್ದಲ್ಲ. ಆದರೂ ಕಾಡಿಗೆ ಅನ್ವಯಿಸಿದರೆ ಅದೊಂದು ಒಗಟಾಗುತ್ತದೆ. ದಟ್ಟ ನೆರಳಿನ ಗಿಡ ದುಡಿಯದಿದ್ದರೆ ಪ್ರತಿಯೊಂದು ಹಳೆಯ ಕಾಡಿನ ನೆಲವನ್ನೂ ತುಂಬಿಕೊಂಡಿರುವ ಲೆಕ್ಕವಿಲ್ಲದ ಸಸಿಗಳು ಬದುಕಿರುವುದಾದರೂ ಹೇಗೆ?

ನಂತರದ ಕಾಲು ಶತಮಾನದಲ್ಲಿ ಜಿನೀವಾದ ಇಬ್ಬರು ಈ ವಿದ್ಯೆಯ ಅಡಿಪಾಯವನ್ನು ಗಟ್ಟಿಮಾಡಿದರು. ಸಸ್ಯಕ್ಕೆ ಬೇಕಾದದ್ದು ಇಂಗಾಲದ ಡೈಆಕ್ಸೈಡ್ ಎಂದು ಜಾನ್ ಸೆನೆಬಿಯೇ ತೋರಿಸಿದರೆ, ಸಸ್ಯದ ತೂಕದಲ್ಲಿ ನೀರಿನ ಪಾಲೂ ಸೇರುತ್ತದೆಂದು 1804ರಲ್ಲಿ ನಿಕೊಲಾ ದ ಸೊಸ್ಯೂರ್ ಸಾಧಿಸಿದರು. ಹೀಗೆ ದ್ಯುತಿಸಂಶ್ಲೇಷಣೆಯ ಸ್ಥೂಲ ಸಮೀಕರಣ ಕೈಗೆ ಬಂದಿತು. ನೆರಳಿನ ಸಸಿಯ ಪ್ರಶ್ನೆ ಮಾತ್ರ ಪ್ರಯೋಗಶಾಲೆಯ ಹೊರಗೇ ಉಳಿಯಿತು. ಅದನ್ನು ಎತ್ತಿಕೊಂಡವರು ಜರ್ಮನಿಯ ಅರಣ್ಯಾಧಿಕಾರಿಗಳು. ಕಡಿದ ಕಾಡು ಮತ್ತೆ ತಾನಾಗಿ ಏಳಬೇಕಾದರೆ ಯಾವ ಮರದ ಸಸಿಗೆ ಎಷ್ಟು ನೆರಳು ಹಿತ ಎಂಬುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ. 1852ರಲ್ಲಿ ಗುಸ್ತಾವ್ ಹೇಯರ್ ಕಾಡುಮರಗಳು ಬೆಳಕಿಗೂ ನೆರಳಿಗೂ ಹೇಗೆ ಸ್ಪಂದಿಸುತ್ತವೆ ಎಂಬುದನ್ನೇ ವಸ್ತುವಾಗಿಸಿಕೊಂಡ ಪುಸ್ತಕವನ್ನು ಹೊರತಂದರು. ಬೆಳಕಿನ ಮರ, ನೆರಳಿನ ಮರ ಎಂಬ ವಿಂಗಡಣೆ ಅರಣ್ಯಶಾಸ್ತ್ರದ ಬಾಲಪಾಠವಾಯಿತು. ಅದು ಅನುಭವದಿಂದ ಬಂದ ತಿಳಿವಳಿಕೆ. ಅಳತೆಯ ಬೆಂಬಲ ಅದಕ್ಕಿನ್ನೂ ದೊರೆತಿರಲಿಲ್ಲ.

ಇದೇ ಹೊತ್ತಿನಲ್ಲಿ ನಮ್ಮ ಕಡೆಯ ಕಾಡುಗಳು ಸರ್ಕಾರದ ಕಣ್ಣಿಗೆ ಬಿದ್ದವು. ಪುಣೆಯ ಬಳಿಯ ದಾಪೋಡಿಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ವೈದ್ಯ ಅಲೆಕ್ಸಾಂಡರ್ ಗಿಬ್ಸನ್ 1847ರಲ್ಲಿ ಮುಂಬಯಿ ಪ್ರಾಂತ್ಯದ ಅರಣ್ಯ ಸಂರಕ್ಷಕರಾದರು. ಶಿವಮೊಗ್ಗೆಯಲ್ಲಿದ್ದಾಗ ಭಾರತೀಯ ಕಲಾವಿದರಿಂದ ಗಿಡಗಳ ಚಿತ್ರ ಬರೆಸುತ್ತಿದ್ದ ಇನ್ನೊಬ್ಬ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ 1856ರಲ್ಲಿ ಮದ್ರಾಸು ಪ್ರಾಂತ್ಯದಲ್ಲಿ ಅದೇ ಹುದ್ದೆಗೆ ಬಂದರು. ಕೆನರಾ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಅದರ ಉತ್ತರ ಭಾಗ 1862ರಲ್ಲಿ ಮುಂಬಯಿಗೆ ವರ್ಗವಾಯಿತು. ಇಂದು ಮುಂಬಯಿಯಲ್ಲೋ ಚೆನ್ನೈಯಲ್ಲೋ ಪುಣೆಯಲ್ಲೋ ನೆಲೆಸಿರುವ ನಮಗೆ ಈ ವಿವರ ಬರಿಯ ಕುತೂಹಲದ್ದಲ್ಲ. ಶಿರಸಿ, ಯಲ್ಲಾಪುರ, ಹಳಿಯಾಳಗಳ ಕಾಡಿನ ಹಣೆಬರಹ ಹಲವು ದಶಕಗಳ ಕಾಲ ಬರೆಯಲ್ಪಟ್ಟದ್ದು ನಾವಿಂದು ಬಾಳುತ್ತಿರುವ ಊರುಗಳ ಕಚೇರಿಗಳಲ್ಲಿ.

ಆ ಕಚೇರಿಗಳು ಕಾಡಿನಲ್ಲಿ ಕಂಡದ್ದು ಮುಖ್ಯವಾಗಿ ಒಂದೇ ಮರ: ತೇಗ. ಮಲಬಾರಿನ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಕಲೆಕ್ಟರ್ ಕನೋಲಿಯ ಆಣತಿಯಂತೆ ಚಾತು ಮೆನೋನ್ ಬೆಳೆಸಿದ ತೇಗದ ತೋಪು ಇಡೀ ಪಶ್ಚಿಮ ಕರಾವಳಿಗೆ ಮಾದರಿಯಾಯಿತು. ತೇಗ ಬೆಳಕನ್ನು ಬೇಡುವ ಮರ. ಅದರ ಸಸಿ ಬೇರೆ ಮರದ ಕೆಳಗೆ ಏಳುವುದಿಲ್ಲ. ತೇಗ ಬೇಕೆಂದರೆ ತಲೆಯ ಮೇಲಿನ ಚಪ್ಪರ ಹೋಗಬೇಕು. ಆದರೆ ಬೂದಿಯಲ್ಲಿ ರಾಗಿ ಬಿತ್ತುವ ಕುಮರಿಯವನು ಚಪ್ಪರ ತೆಗೆದರೆ ಅದು ಅಪರಾಧ. 1860ರಲ್ಲಿ ಮದ್ರಾಸು ಸರ್ಕಾರ ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಕಾಡಿನ ನೆಲಕ್ಕೆ ಬೆಳಕು ಬಿಡುವ ಅಧಿಕಾರ ಯಾರದು ಎಂಬುದೇ ಆ ಕಾಲದ ಜಗಳದ ತಿರುಳಾಗಿತ್ತು ಎಂದರೆ ತಪ್ಪಾಗಲಾರದು.

ಬ್ರಹ್ಮದೇಶದಲ್ಲಿ ಈ ನೀತಿಗೆ ಕಾಡೇ ಉತ್ತರ ಕೊಟ್ಟಿತು. ಪೆಗುವಿನ ತೇಗದ ಕಾಡುಗಳನ್ನು 1856ರಿಂದ ನೋಡಿಕೊಂಡ ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಇಡೀ ಭಾರತದ ಅರಣ್ಯಗಳ ಮಹಾನಿರೀಕ್ಷಕರಾದರು. ಬೆಂಕಿಯೇ ಕಾಡಿನ ಪರಮ ಶತ್ರು ಎಂಬುದು ಅವರ ಪರಂಪರೆಯ ನಂಬಿಕೆ. ಕಾಳ್ಗಿಚ್ಚನ್ನು ತಡೆಯುವುದೇ ಇಲಾಖೆಯ ಹೆಮ್ಮೆಯ ಕೆಲಸವಾಯಿತು. ಹಾಗೆ ವರ್ಷಗಟ್ಟಲೆ ಬೆಂಕಿ ಕಾಣದ ತೇವದ ತೇಗದ ಕಾಡುಗಳಲ್ಲಿ, ಎಲೆಯುದುರುವ ಮರಗಳ ಅಡಿಯಲ್ಲಿ ನಿತ್ಯಹರಿದ್ವರ್ಣದ ಗಿಡಗಳು ಸದ್ದಿಲ್ಲದೆ ತುಂಬಿಕೊಂಡವು. ಅವುಗಳ ದಟ್ಟ ನೆರಳಿನಲ್ಲಿ ತೇಗದ ಸಸಿ ಹುಟ್ಟುವುದೇ ನಿಂತುಹೋಯಿತು. 1896ರಲ್ಲಿ ಎಚ್. ಸ್ಲೇಡ್ ಎಂಬ ಅಧಿಕಾರಿ, ಬ್ರಹ್ಮದೇಶದಲ್ಲಿ ಬೆಂಕಿಯಿಂದ ರಕ್ಷಣೆ ಅತಿಯಾಯಿತೆಂದು ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಬರೆದರು. ಮೇಲಧಿಕಾರಿಗಳಿಗೆ ಅದು ರುಚಿಸಲಿಲ್ಲ. ವಾದ ವಿವಾದ ವರ್ಷಗಳ ಕಾಲ ನಡೆದು, ಕಡೆಗೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಆ ತೇವದ ಕಾಡುಗಳಲ್ಲಿ ಬೆಂಕಿ ತಡೆಯುವ ಪದ್ಧತಿಯನ್ನು ಕೈಬಿಡಲಾಯಿತು. ಬಂಗಾಳದ ಸಾಲವೃಕ್ಷದ ಕಾಡುಗಳಲ್ಲೂ ಇಂಥದೇ ಪಾಠ ದೊರೆಯಿತು.

ಈ ಪ್ರಸಂಗವನ್ನು ಚರಿತ್ರೆಕಾರರು ಸಾಮಾನ್ಯವಾಗಿ ಅಧಿಕಾರಶಾಹಿಯ ಹಟದ ಕಥೆಯಾಗಿ ಹೇಳುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಒಂದೇ ನೆರಳಿನಲ್ಲಿ ಒಂದು ಸಸಿ ಸತ್ತಿತು, ಇನ್ನೊಂದು ಹಬ್ಬಿತು. ಅಂದರೆ ನೆರಳು ಎಂಬುದು ಎಲ್ಲ ಗಿಡಕ್ಕೂ ಒಂದೇ ಅರ್ಥದ್ದಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಹೇಳಬಲ್ಲ ವಿಜ್ಞಾನ ಆ ಹೊತ್ತಿಗೆ ಯೂರೋಪಿನಲ್ಲಿ ಆಗತಾನೆ ಕಣ್ಣು ಬಿಡುತ್ತಿತ್ತು.

ವಿಯೆನ್ನಾದ ಯೂಲಿಯಸ್ ವೀಸ್ನರ್ ಛಾಯಾಚಿತ್ರದ ಕಾಗದವನ್ನು ಗಿಡದ ಪಕ್ಕದಲ್ಲಿ ಹಿಡಿದು, ಅದು ಕಪ್ಪಾಗಲು ಹಿಡಿಯುವ ಹೊತ್ತಿನಿಂದ ಬೆಳಕನ್ನು ಅಳೆದರು. ಬಯಲಿನ ಬೆಳಕಿನ ಎಷ್ಟನೆಯ ಪಾಲು ಒಂದು ಗಿಡಕ್ಕೆ ದಕ್ಕುತ್ತದೆ ಎಂಬ ಅನುಪಾತವೇ ಅವರ ಅಳತೆಗೋಲು. ಜಾವಾದ ಮಳೆಕಾಡಿನವರೆಗೂ ಹೋಗಿ ಬಂದ ಅವರು ತಮ್ಮ ಫಲಿತಾಂಶಗಳನ್ನು 1907ರಲ್ಲಿ ಗ್ರಂಥರೂಪದಲ್ಲಿ ಕೊಟ್ಟರು. ಆ ಬೆಳಕಿನಲ್ಲಿ ಗಿಡ ಎಷ್ಟು ಗಳಿಸುತ್ತದೆ ಎಂಬ ಮುಂದಿನ ಪ್ರಶ್ನೆಯನ್ನು ಡೆನ್ಮಾರ್ಕಿನ ಬೋಯ್ಸೆನ್ ಯೆನ್ಸೆನ್ 1918ರಲ್ಲಿ ಎದುರಿಸಿದರು. ಎಲೆ ಬೆಳಕಿನಲ್ಲಿ ಸಕ್ಕರೆ ಕಟ್ಟುತ್ತದೆ. ಹಗಲಿರುಳೂ ಉಸಿರಾಡುತ್ತ ಆ ಸಕ್ಕರೆಯನ್ನು ಸುಡುತ್ತದೆ. ಒಂದು ಆದಾಯ, ಇನ್ನೊಂದು ಖರ್ಚು. ಎರಡೂ ಸಮವಾಗುವಷ್ಟು ಕನಿಷ್ಠ ಬೆಳಕು ಪ್ರತಿ ಎಲೆಗೂ ಉಂಟು. ಬಿಸಿಲಿಗೆ ಒಗ್ಗಿದ ಗಿಡಕ್ಕೆ ಆ ಕನಿಷ್ಠವೇ ಹೆಚ್ಚು, ಏಕೆಂದರೆ ಅದರ ಉಸಿರಾಟದ ಖರ್ಚೂ ಹೆಚ್ಚು. ನೆರಳಿನ ಗಿಡದ ಎಲೆ ತೆಳು, ಖರ್ಚು ಅಲ್ಪ. ಹಾಗಾಗಿ ಬಿಸಿಲಿನ ಗಿಡ ಸಾಲಕ್ಕೆ ಬೀಳುವ ಬೆಳಕಿನಲ್ಲಿ ಅದು ಕಾಸು ಉಳಿಸುತ್ತದೆ. ನೆರಳಿನಲ್ಲಿ ಬಾಳುವ ಗುಟ್ಟು ಹೆಚ್ಚು ಗಳಿಸುವುದಕ್ಕಿಂತ ಕಡಿಮೆ ಖರ್ಚು ಮಾಡುವುದರಲ್ಲಿದೆ ಎಂಬುದು ಹೀಗೆ ಅಂಕಿಗಳಲ್ಲಿ ತಿಳಿದುಬಂತು.

ನಮ್ಮ ದೇಶದಲ್ಲಿಯೂ ದ್ಯುತಿಸಂಶ್ಲೇಷಣೆಯ ಅಧ್ಯಯನ ಆಗ ನಡೆದಿತ್ತು. ಜಗದೀಶಚಂದ್ರ ಬೋಸರು ಹೈಡ್ರಿಲಾ ಎಂಬ ನೀರುಗಿಡವನ್ನು ಬಳಸಿ ಮಾಡಿದ ಪ್ರಯೋಗಗಳ ಗ್ರಂಥ 1924ರಲ್ಲಿ ಬಂದಿತು. ಅದಕ್ಕೂ ಮೊದಲೇ, 1921ರಲ್ಲಿ, ಆರ್. ಎಸ್. ಟ್ರೂಪರು ಭಾರತದ ಮರಗಳ ಬೆಳವಣಿಗೆಯನ್ನು ಕುರಿತ ಮೂರು ಸಂಪುಟಗಳನ್ನು ಪ್ರಕಟಿಸಿ, ಒಂದೊಂದು ಮರದ ಸಸಿಗೂ ಬೆಳಕಿನ ಅಗತ್ಯವೇನು ಎಂಬುದನ್ನು ದಾಖಲಿಸಿದ್ದರು. ಪ್ರಯೋಗಶಾಲೆಯ ಜ್ಞಾನ ಒಂದು ಕಪಾಟಿನಲ್ಲಿ, ಕಾಡಿನ ಜ್ಞಾನ ಇನ್ನೊಂದು ಕಪಾಟಿನಲ್ಲಿ ಉಳಿದವು. ಎರಡನ್ನೂ ಒಟ್ಟಿಗೆ ತೆರೆದವರು ವಿರಳ.

ಇಪ್ಪತ್ತನೆಯ ಶತಮಾನದ ನಡುವೆ ಚಿತ್ರ ಸ್ಪಷ್ಟವಾಗತೊಡಗಿತು. 1953ರಲ್ಲಿ ಜಪಾನಿನ ಮೋನ್ಸಿ ಮತ್ತು ಸಾಯೇಕಿ, ಎಲೆಗಳ ಪದರ ಪದರವಾಗಿ ಬೆಳಕು ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಗಣಿತದ ಸೂತ್ರ ಕೊಟ್ಟರು. ಪ್ರತಿ ಪದರವೂ ತನಗೆ ಬಂದುದರಲ್ಲಿ ಒಂದು ಪಾಲನ್ನು ನುಂಗಿ ಉಳಿದುದನ್ನು ಕೆಳಗೆ ಬಿಡುತ್ತದೆ. ದಟ್ಟ ನಿತ್ಯಹರಿದ್ವರ್ಣದ ಕಾಡಿನಲ್ಲಿ ನೆಲ ಮುಟ್ಟುವಷ್ಟರಲ್ಲಿ ಉಳಿಯುವುದು ನೂರರಲ್ಲಿ ಒಂದೆರಡು ಪಾಲು. 1963ರಲ್ಲಿ ಬ್ಯೋರ್ಕ್‌ಮನ್ ಮತ್ತು ಹೋಲ್ಮ್‌ಗ್ರೆನ್ ಎಂಬ ಸ್ವೀಡಿಷ್ ಸಂಶೋಧಕರು ಒಂದೇ ಜಾತಿಯ ಗಿಡದ ಬಯಲಿನ ತಳಿಯನ್ನೂ ನೆರಳಿನ ತಳಿಯನ್ನೂ ಹೋಲಿಸಿ, ನೆರಳಿನದು ಮಂದ ಬೆಳಕನ್ನು ಹೆಚ್ಚು ದಕ್ಷವಾಗಿ ಬಳಸುತ್ತದೆಂದೂ ಪ್ರಖರ ಬೆಳಕಿನಲ್ಲಿ ಅದಕ್ಕೇ ಹಾನಿಯಾಗುತ್ತದೆಂದೂ ತೋರಿಸಿದರು. ನೆರಳಿನ ಗಿಡವೆಂದರೆ ಸೊರಗಿದ ಬಿಸಿಲಿನ ಗಿಡ ಎಂಬ ಹಳೆಯ ಕಲ್ಪನೆ ಇಲ್ಲಿಗೆ ಮುಗಿಯಿತು.

ಇನ್ನು ಉಳಿದದ್ದು ಬಿಸಿಲುಕೋಲು. ಹಂಚಿನ ಮನೆಯ ಸಂದಿಯಿಂದ ಇಳಿದು ನೆಲದ ಮೇಲೆ ಸರಿಯುವ ಬೆಳಕಿಗೆ ನಮ್ಮ ಹಿರಿಯರು ಕೊಟ್ಟ ಹೆಸರನ್ನೇ ಇಲ್ಲಿ ಬಳಸುತ್ತೇವೆ. ಕಾಡಿನ ಚಪ್ಪರದ ಸಂದಿಯಿಂದ ಇಳಿಯುವುದೂ ಅದೇ. ಜಿ. ಸಿ. ಎವಾನ್ಸ್ ಎಂಬ ಬ್ರಿಟಿಷ್ ಸಸ್ಯವಿಜ್ಞಾನಿ ಈ ಚಲಿಸುವ ಬೆಳಕಿನ ಮಚ್ಚೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾಡಿನ ಬೆಳಕು ಅರ್ಥವಾಗದೆಂದು 1956ರಲ್ಲಿಯೇ ಮನಗಾಣಿಸಿದ್ದರು. 1983ರಲ್ಲಿ ರಾಬರ್ಟ್ ಪಿಯರ್ಸಿ ಮತ್ತು ಸಂಗಡಿಗರು ಹವಾಯಿಯ ಕಾಡಿನ ಎರಡು ಜಾತಿಯ ಎಳೆಮರಗಳನ್ನು ಅಳೆದು, ಅವುಗಳ ದಿನದ ಇಂಗಾಲದ ಗಳಿಕೆಯಲ್ಲಿ ಸುಮಾರು 40ರಿಂದ 60 ಪ್ರತಿಶತ ಈ ಕ್ಷಣಿಕ ಬಿಸಿಲುಕೋಲುಗಳಿಂದಲೇ ಬರುತ್ತದೆಂದು ಅಂದಾಜಿಸಿದರು. ಕೆಲವೇ ನಿಮಿಷಗಳ ಬೆಳಕು ಇಡೀ ದಿನದ ಅರ್ಧ ಊಟ! ಆ ಊಟಕ್ಕೆ ಎಲೆ ಸಿದ್ಧವಾಗಿರಬೇಕು. ಬಹುಕಾಲ ಮಬ್ಬಿನಲ್ಲಿದ್ದ ಎಲೆಯ ಮೇಲೆ ಬಿಸಿಲು ಬಿದ್ದರೆ ಅದು ತಟ್ಟನೆ ಪೂರ್ಣ ವೇಗಕ್ಕೆ ಏರದು. ಕಿಣ್ವಗಳು ಎಚ್ಚರಗೊಂಡು ಪತ್ರರಂಧ್ರಗಳು ತೆರೆಯಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯಬಹುದು. ಆದರೆ ಒಮ್ಮೆ ಎಚ್ಚರಗೊಂಡ ಎಲೆ, ಸ್ವಲ್ಪ ಹೊತ್ತಿನಲ್ಲೇ ಮತ್ತೊಂದು ಬಿಸಿಲುಕೋಲು ಬಂದರೆ ಕೂಡಲೇ ದುಡಿಯುತ್ತದೆ. ಬೆಳಕು ಸರಿದ ಮೇಲೂ ಕೆಲವು ಕ್ಷಣ ದುಡಿಮೆ ಮುಂದುವರಿಯುತ್ತದೆ. ಪಿಯರ್ಸಿ ಮತ್ತು ರಾಬಿನ್ ಚಾಜ್ಡನ್ ಈ ಎಚ್ಚರದ ನೆನಪನ್ನು ಕೆಸುವಿನ ಬಳಗದ ಅಲೋಕೇಶಿಯಾ ಗಿಡದಲ್ಲಿ ವಿವರವಾಗಿ ಪರೀಕ್ಷಿಸಿದರು. ಇಂಗೆನ್‌ಹೌಸ್ ಬಿಟ್ಟುಹೋದ ಒಗಟಿಗೆ ಇನ್ನೂರು ವರ್ಷಗಳ ತರುವಾಯ ದೊರೆತ ಉತ್ತರವಿದು.

ಎಲೆಯುದುರುವ ಸಸಿಗೂ ಸದಾ ಹಸಿರಾಗಿರುವ ಸಸಿಗೂ ಇರುವ ಭೇದವನ್ನು ಈಗ ನೋಡಬಹುದು. ಶೀತವಲಯದ ಕಾಡಿನಲ್ಲಿ ದೊಡ್ಡ ಮರಗಳು ಚಳಿಗಾಲದಲ್ಲಿ ಬರಿದಾಗುತ್ತವೆ. ಅಮೆರಿಕದ ಇಲಿನಾಯ್ ಸೀಮೆಯಲ್ಲಿ ಕೆಲವು ಮರಗಳ ಸಸಿಗಳು ವಸಂತದಲ್ಲಿ ತಮ್ಮ ತಲೆಯ ಮೇಲಿನ ಮರಗಳಿಗಿಂತ ಮೊದಲೇ ಚಿಗುರಿ, ಚಪ್ಪರ ಮುಚ್ಚುವ ಮುನ್ನ ಸಿಗುವ ಬಿಸಿಲಿನಲ್ಲಿ ವರ್ಷದ ಗಳಿಕೆಯ ದೊಡ್ಡ ಪಾಲನ್ನು ಕೂಡಿಡುತ್ತವೆ. ಜಪಾನಿನಲ್ಲಿ ಎಲೆಯುದುರುವ ಮರಗಳ ಕೆಳಗೆ ಬೆಳೆಯುವ ನಿತ್ಯಹರಿದ್ವರ್ಣದ ಸಸಿಗಳು ಬೇಸಗೆಯಲ್ಲಿ ಅರೆಹೊಟ್ಟೆಯಲ್ಲಿದ್ದು, ಶರತ್ಕಾಲದಿಂದ ವಸಂತದವರೆಗಿನ ತೆರೆದ ಬೆಳಕಿನಲ್ಲಿ ಚಳಿಯನ್ನು ಸಹಿಸಿಯೇ ದುಡಿಯುತ್ತವೆ.

ನಮ್ಮ ಮಾನ್ಸೂನ್ ಕಾಡಿನಲ್ಲಿ ಈ ಲೆಕ್ಕ ಬುಡಮೇಲಾಗುತ್ತದೆ. ಮತ್ತಿ, ನಂದಿ, ತೇಗಗಳು ಎಲೆಯುದುರಿಸಿ ನೆಲಕ್ಕೆ ಬಿಸಿಲು ಬಿಡುವ ತಿಂಗಳುಗಳಲ್ಲಿ ಮಣ್ಣು ಒಣಗಿರುತ್ತದೆ; ಮಣ್ಣು ತೊಯ್ದಾಗ ಮೇಲೆ ಮೋಡ, ಅದರ ಕೆಳಗೆ ತುಂಬಿದ ಚಪ್ಪರ. ಬೆಳಕಿದ್ದಾಗ ನೀರಿಲ್ಲ, ನೀರಿದ್ದಾಗ ಬೆಳಕಿಲ್ಲ. ಇದಕ್ಕೆ ಎರಡು ಬಗೆಯ ಸಸಿಗಳು ಎರಡು ಬಗೆಯ ಉತ್ತರ ಕಂಡುಕೊಂಡಿವೆ. ಎಲೆಯುದುರುವ ಮರದ ಸಸಿ ಅಗ್ಗದ ಎಲೆಯನ್ನು ಹೊರಡಿಸಿ ಕೆಲವೇ ತಿಂಗಳು ಬಿರುಸಾಗಿ ದುಡಿದು, ಉಳಿತಾಯವನ್ನು ಬೇರಿಗೆ ಇಳಿಸುತ್ತದೆ. ಬೇಸಗೆಯಲ್ಲಿ ಅದರ ಕಾಂಡ ಒಣಗಿಯೋ ಸುಟ್ಟೋ ಹೋಗಬಹುದು. ಮಳೆ ಬಂದಾಗ ದಪ್ಪಗಾದ ಬೇರಿನಿಂದ ಮತ್ತೆ ಚಿಗುರು. ಹೀಗೆ ಹಲವು ವರ್ಷ ಸತ್ತು ಹುಟ್ಟಿ, ಬೆಳಕು ಒದಗಿದ ಒಂದು ವರ್ಷ ಅದು ಒಮ್ಮೆಗೇ ಮೇಲೇಳುತ್ತದೆ. ನಿತ್ಯಹರಿದ್ವರ್ಣದ ಸಸಿಯ ಬಂಡವಾಳ ಎಲೆಯಲ್ಲಿಯೇ ಇದೆ. ಧೂಪ, ಸುರಹೊನ್ನೆ, ರಾಂಪತ್ರೆಗಳ ಗಟ್ಟಿ ಎಲೆ ಕಟ್ಟಲು ದುಬಾರಿ. ಅದು ಬಾಳುವುದೂ ದೀರ್ಘಕಾಲ. ದಿನಕ್ಕೆ ದೊರೆಯುವುದು ಚಿಲ್ಲರೆಯಾದರೂ ಎಲೆ ಹಲವು ಋತುಗಳನ್ನು ದಾಟಿ ತನ್ನ ಬೆಲೆಯನ್ನು ತೀರಿಸುತ್ತದೆ. ಎಲೆಯ ವೆಚ್ಚ ಮತ್ತು ಆಯುಸ್ಸುಗಳ ಈ ಸಂಬಂಧವನ್ನು ಜಪಾನಿನ ಕಿಹಾಚಿರೊ ಕಿಕುಜಾವಾ 1991ರಲ್ಲಿ ಸಿದ್ಧಾಂತವಾಗಿ ನಿರೂಪಿಸಿದರು. ಬ್ರಹ್ಮದೇಶದಲ್ಲಿ ಬೆಂಕಿ ನಿಂತಾಗ ಒಂದು ಸೋತು ಇನ್ನೊಂದು ಹಬ್ಬಿದ್ದರ ಕಾರಣವೂ ಇಲ್ಲಿಯೇ ಇದೆ. ಎಲೆಯಲ್ಲಿ ಬಂಡವಾಳ ಹೂಡಿದವನಿಗೆ ಬೆಂಕಿ ಸರ್ವನಾಶ. ಬೇರಿನಲ್ಲಿ ಹೂತಿಟ್ಟವನಿಗೆ ಅದು ಸೈರಿಸಬಹುದಾದ ನಷ್ಟ.

ಇದರಿಂದ ಇನ್ನೂ ಒಂದು ಮಾತು ಹೊರಡುತ್ತದೆ. ತೇಗದ ಬೀಜ ಗಟ್ಟಿ ಚಿಪ್ಪಿನೊಳಗೆ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯಬಲ್ಲದು. ಧೂಪ ಮತ್ತು ಅದರ ಬಂಧುಗಳ ಬೀಜಕ್ಕೆ ಆ ತಾಳ್ಮೆಯಿಲ್ಲ. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವೆ ಸಾಯಬೇಕು. ಹಾಗಾಗಿ ಹಳೆಯ ಮಳೆಕಾಡು ತನ್ನ ನಾಳೆಯನ್ನು ಬೀಜದ ರೂಪದಲ್ಲಿ ಕೂಡಿಡುವುದಿಲ್ಲ, ಕಾಯುತ್ತಿರುವ ಸಸಿಗಳ ರೂಪದಲ್ಲಿ ಕೂಡಿಡುತ್ತದೆ. ದೊಡ್ಡ ಮರವೊಂದು ಉರುಳಿ ಆಕಾಶ ತೆರೆದ ದಿನ ಆ ಸಸಿಗಳ ಸರದಿ. ಚಪ್ಪರವನ್ನೆಲ್ಲ ಒಮ್ಮೆಗೇ ತೆಗೆದರೆ ನೆರಳಿಗೆ ಒಗ್ಗಿದ ಆ ಎಲೆಗಳು ಸುಡುತ್ತವೆ. ದಿಮ್ಮಿ ಎಳೆಯುವಾಗ ಸಸಿಗಳು ಮುರಿಯುತ್ತವೆ. ಮಣ್ಣಿನಲ್ಲಿ ಕಾದಿರುವ ಬೀಜವೂ ಇಲ್ಲ. ಮತ್ತೆ ಏಳಬೇಕಾದುದು ಯಾವುದರಿಂದ?

ಸ್ವಾತಂತ್ರ್ಯದ ನಂತರವೂ ಉತ್ತರ ಕನ್ನಡದಲ್ಲಿ ನೈಸರ್ಗಿಕ ಕಾಡನ್ನು ಕಡಿದು ತೇಗ ನೆಡುವ ಕ್ರಮ ನಿಲ್ಲಲಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಬಳಿಯ ಕಳಾಸೆ ಕಾಡಿನಲ್ಲಿ ಸಾಲ್ಕಣಿ ಕಡೆಯ ಗ್ರಾಮಸ್ಥರು ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಹೀಗೆ ಶುರುವಾಯಿತು. ಪಿಯರ್ಸಿಯವರ ಹವಾಯಿ ಅಧ್ಯಯನ ಅಚ್ಚಾದದ್ದೂ ಅದೇ ವರ್ಷ. ಇವರ ಸುದ್ದಿ ಅವರಿಗಿಲ್ಲ, ಅವರ ಸುದ್ದಿ ಇವರಿಗಿಲ್ಲ. ಇದು ಕೇವಲ ಕಾಕತಾಳೀಯ. ಆದರೂ ಎರಡೂ ಒಂದೇ ವಸ್ತುವಿನ ಕಡೆಗೆ ಬೆರಳು ಮಾಡಿದವು. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವನ್ನು ನಂಬಿದ್ದ ಆ ರೈತರಿಗೆ, ಒಂದು ಮರಕ್ಕೆ ಕೊಡಲಿ ಹಾಕಿದರೆ ಅದರ ಸುತ್ತ ಎಷ್ಟು ಸಣ್ಣ ಮರಗಳು ನೆಲಕಚ್ಚುತ್ತವೆ, ಮತ್ತು ಹಾಗೆ ಹೋದುದು ಮತ್ತೆ ಸುಲಭವಾಗಿ ಬಾರದು ಎಂಬುದು ಕಣ್ಣಳತೆಯಲ್ಲಿ ಗೊತ್ತಿತ್ತು. ಉಳಿಸು, ಬೆಳೆಸು, ಬಳಸು ಎಂಬ ಅವರ ಘೋಷಣೆಯಲ್ಲಿ ‘ಉಳಿಸು’ ಮೊದಲು ಬರುವುದಕ್ಕೆ ಕಾರಣವಿದೆ. ತೇಗವನ್ನು ನೆಡಬಹುದು, ಕಾಯುತ್ತಿರುವ ಸಸಿಗಳ ಒಂದು ಇಡೀ ತಲೆಮಾರನ್ನು ನೆಡಲಾಗದು.

ನರ್ಸರಿಯಿಂದ ಸಸಿ ತಂದು ನೆಟ್ಟು ಲಕ್ಷಗಳಲ್ಲಿ ಲೆಕ್ಕ ಕೊಡುವ ಕಾಲ ನಮ್ಮದು. ಕಡಿದ ಮರಗಳಿಗೆ ಪ್ರತಿಯಾಗಿ ಇಷ್ಟು ಸಸಿ ನೆಟ್ಟೆವೆಂಬ ಜಾಹೀರಾತನ್ನು ನಮ್ಮ ಮಹಾನಗರಗಳ ರಸ್ತೆಗಳಲ್ಲಿ ನಾವು ದಿನವೂ ಓದುತ್ತೇವೆ. ಬಯಲಲ್ಲಿ ನೆಟ್ಟ ಸಸಿ ಬೆಳಕಿನ ಗಿಡ, ಅದೂ ಬೇಕಾದುದೇ. ಆದರೆ ಕಾಡಿನ ನೆರಳಿನಲ್ಲಿ ಹತ್ತು ವರ್ಷ ನಿಂತು, ಬಿಸಿಲುಕೋಲುಗಳನ್ನು ಹಿಡಿದು ಚಿಲ್ಲರೆ ಕೂಡಿಟ್ಟ ಮೊಣಕಾಲೆತ್ತರದ ಧೂಪದ ಗಿಡ ಆ ಲೆಕ್ಕದ ಯಾವ ಕಲಮಿನಲ್ಲಿಯೂ ಇರುವುದಿಲ್ಲ. 1862ರಲ್ಲಿ ಅದರ ಹೆಸರು ಮುಂಬಯಿ ಕಚೇರಿಯ ದಫ್ತರಿನಲ್ಲಿ ಇರಲಿಲ್ಲ. ಅದು ದುಡಿಯುತ್ತದೆಂದು ಆಗ ತಿಳಿದಿರಲೂ ಇಲ್ಲ. ಈಗ ತಿಳಿದಿದೆ. ಮುಂದೆ ಕಾಡಿನ ಲೆಕ್ಕ ಬರೆಯುವವರು ನಿಂತ ಮರಗಳನ್ನು ಎಣಿಸಿದ ಮೇಲೆ ಬಾಗಿ ನೆಲವನ್ನೂ ನೋಡಬೇಕು.